ನೆಲ ಡೊಂಕೆನ್ನದವರು



ನಮ್ಮ ಕಡೆ ಸಂಬಂಧ ನೋಡಲು ಹೋದಾಗ "ಹುಡುಗ ಏನು ಮಾಡ್ತಾನೆ?" ಅಂದರೆ "ಸಾಫ್ಟ್‌ವೇರು" ಎಂದು ಒಂದೇ ಮಾತಿನ ಉತ್ತರ ಬರುತ್ತದೆ. ಕೇಳಿದವರು ತಲೆಯಾಡಿಸುತ್ತಾರೆ. ಮುಂದಿನ ಪ್ರಶ್ನೆ ಸಂಬಳದ್ದೋ ಅಮೆರಿಕದ್ದೋ ಆಗಿರುತ್ತದೆಯೇ ಹೊರತು, ಆ ಹುಡುಗ ಬೆಳಗಿನಿಂದ ಸಂಜೆಯವರೆಗೆ ಕೂತು ಮಾಡುವುದಾದರೂ ಏನು ಎಂದು ಯಾರೂ ವಿಚಾರಿಸುವುದಿಲ್ಲ. 1957ರ ನೆದರ್‌ಲೆಂಡ್ಸ್‌ನಲ್ಲಿ ಮದುವೆ ಇಷ್ಟು ಸಲೀಸಾಗಿರಲಿಲ್ಲ. ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಯುವಕ ಮದುವೆ ನೋಂದಣಿಯ ಕಾಗದದಲ್ಲಿ ತನ್ನ ಕಸುಬು "ಪ್ರೋಗ್ರಾಮರ್" ಎಂದು ಹೇಳಿದ. ಆಮ್‌ಸ್ಟರ್‌ಡ್ಯಾಮಿನ ನಗರಸಭೆಯವರು ಒಪ್ಪಲಿಲ್ಲ. ಅಂಥ ಕಸುಬೇ ಇಲ್ಲ ಅಂದರು. ಕೊನೆಗೆ ಆತನ ಮದುವೆ ದಾಖಲೆಯಲ್ಲಿ "ಸೈದ್ಧಾಂತಿಕ ಭೌತವಿಜ್ಞಾನಿ" ಎಂದು ಬರೆದುಕೊಂಡರು. ಹುಡುಗಿ ಮನೆಯವರಿಗೆ ಅದೇ ಹೆಚ್ಚು ಸಮಾಧಾನ ಕೊಟ್ಟಿರಬಹುದು!

ಈ ಕಥೆಯನ್ನು ಹೇಳಿದವರು ಡೈಕ್‌ಸ್ಟ್ರಾ ಅವರೇ. 1972ರಲ್ಲಿ ಅವರಿಗೆ ಕಂಪ್ಯೂಟರ್ ಲೋಕದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಮಾಡಿದ ಭಾಷಣದಲ್ಲಿ. ಆ ಭಾಷಣಕ್ಕೆ ಅವರು ಇಟ್ಟ ಹೆಸರನ್ನು ಕನ್ನಡದಲ್ಲಿ "ವಿನಯವಂತ ಪ್ರೋಗ್ರಾಮರ್" ಎನ್ನಬಹುದು. ತನ್ನ ತಲೆಯೊಳಗೆ ಎಷ್ಟು ಹಿಡಿಯುತ್ತದೆ, ಎಷ್ಟು ಹಿಡಿಯುವುದಿಲ್ಲ ಎಂಬ ಅಳತೆ ಗೊತ್ತಿರುವವನೇ ಸಮರ್ಥ ಪ್ರೋಗ್ರಾಮರ್ ಎಂಬುದು ಅವರ ವಾದ. ಅವರೇನೂ ಸಂಕೋಚದ ಸ್ವಭಾವದವರಲ್ಲ; ಸಹೋದ್ಯೋಗಿಗಳನ್ನು ಕಟುವಾಗಿ ಟೀಕಿಸುವುದರಲ್ಲಿ ಅವರಿಗೆ ಹೆಸರಿತ್ತು. ಹಾಗಾಗಿ ಅವರ ಬಾಯಲ್ಲಿ ವಿನಯ ಎಂದರೆ ಕೈಮುಗಿದು ನಿಲ್ಲುವುದು ಅಂತ ತಿಳಿಯಬಾರದು. ಅವರು ಹೇಳುತ್ತಿದ್ದದ್ದು ಬೇರೆ. ಅದೇನು ಎಂಬುದು ನನಗೆ ಅರ್ಥವಾಗಲು, ಈ ಕೆಲಸದಲ್ಲಿ ಮೂವತ್ತು ಚಿಲ್ಲರೆ ವರ್ಷ ಕಳೆದ ಮೇಲೆಯೂ, ಪದೇ ಪದೇ ಪಾಠವಾಗಬೇಕಾಯಿತು.

ಪ್ರೋಗ್ರಾಮ್ ಬರೆಯುವುದು ಅಂದರೇನು ಎಂದು ನನ್ನ ಚಿಕ್ಕಮ್ಮ ಒಮ್ಮೆ ಕೇಳಿದರು. ಪಠ್ಯಪುಸ್ತಕಗಳಲ್ಲಿ ಅದಕ್ಕೆ "ಕ್ರಮವಿಧಿ" ಎಂಬ ಚೆಂದದ ಪದವಿದೆ; ಆದರೆ ಆಫೀಸಿನಲ್ಲಿ ಯಾರೂ ಹಾಗನ್ನುವುದಿಲ್ಲ, ಚಿಕ್ಕಮ್ಮನಿಗೂ ಅದು ತಿಳಿಯುತ್ತಿರಲಿಲ್ಲ. ಆಗಷ್ಟೇ ಅವರು ಪುಣೆಯಲ್ಲಿರುವ ಮಗಳಿಗೆ ಫೋನಿನಲ್ಲಿ ಹುಳಿ ಮಾಡುವುದನ್ನು ಹೇಳಿಕೊಟ್ಟು ಮುಗಿಸಿದ್ದರು. "ಬೇಳೆ ಬೇಯಿಸ್ಕೊ, ತರಕಾರಿ ಹಾಕು, ಹುಣಸೆಹಣ್ಣು ಕಿವುಚಿ ಹಾಕು, ಪುಡಿ ಹಾಕಿ ಹದವಾಗಿ ಕುದಿಸು, ಒಗ್ಗರಣೆ ಕೊಡು." ನಾನು ಹೇಳಿದೆ: "ಚಿಕ್ಕಮ್ಮ, ನೀವು ಈಗ ಮಾಡಿದ್ದೇ ಅದು. ಆದರೆ ನಿಮ್ಮ ಮಗಳು ಇಪ್ಪತ್ತು ವರ್ಷ ನಿಮ್ಮ ಅಡುಗೆಮನೆಯಲ್ಲಿ ಓಡಾಡಿದವಳು. ಕಂಪ್ಯೂಟರು ಯಾವ ಅಡುಗೆಮನೆಯನ್ನೂ ನೋಡಿಲ್ಲ." ಹದ ಅಂದರೆ ಎಷ್ಟು? ಪುಡಿ ಯಾವುದು? ಒಲೆ ಹಚ್ಚು ಅಂತ ಚಿಕ್ಕಮ್ಮ ಹೇಳಲೇ ಇಲ್ಲವಲ್ಲ! ಆರಿಸು ಅಂತಲೂ ಹೇಳಲಿಲ್ಲ. ಹೇಳದಿದ್ದರೆ ಹುಳಿ ಪ್ರಳಯದವರೆಗೂ ಕುದಿಯುತ್ತಲೇ ಇರುತ್ತದೆ. ತಳ ಹಿಡಿದ ವಾಸನೆ ಬಂದರೆ ಮಗಳು ಓಡಿ ಬರುತ್ತಾಳೆ, ಯಂತ್ರಕ್ಕೆ ಮೂಗಿಲ್ಲ. ಅದಕ್ಕೆ ಕಣ್ಣಂದಾಜೂ ಇಲ್ಲ, ಕೈಯಂದಾಜೂ ಇಲ್ಲ.

ಹಾಗಾಗಿ ಯಂತ್ರ ನಾವು ಹೇಳಿದ್ದನ್ನು ಮಾಡುತ್ತದೆ, ಮನಸ್ಸಿನಲ್ಲಿದ್ದದ್ದನ್ನಲ್ಲ. ಹುಳಿ ಕೆಟ್ಟರೆ ಬೇಳೆ ಸರಿಯಿಲ್ಲ, ಸೌಟು ಸರಿಯಿಲ್ಲ ಅನ್ನಲು ನಮಗೆ ಮನೆಯಲ್ಲಿ ಅವಕಾಶವಿದೆ. ಇಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸಲ ತಪ್ಪು ಹೇಳಿದವರದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಪ್ರೋಗ್ರಾಮರ್ ಕುಣಿಯುವ ನೆಲ ಗಾಜಿನಷ್ಟು ಸಮ. ಬಿದ್ದರೆ ಅವನೇ ಬಿದ್ದದ್ದು. ಅದೂ ಯಾವಾಗಲೋ ಒಮ್ಮೆ ಅಲ್ಲ, ದಿನಕ್ಕೆ ಹತ್ತಿಪ್ಪತ್ತು ಸಲ. ಬೇರೆ ಯಾವ ಕಸುಬಿನಲ್ಲಿ ಮನುಷ್ಯನಿಗೆ ಅವನ ತಪ್ಪನ್ನು ಇಷ್ಟು ಬೇಗ, ಇಷ್ಟು ನಿರ್ದಾಕ್ಷಿಣ್ಯವಾಗಿ ಮುಖಕ್ಕೆ ಹಿಡಿದು ತೋರಿಸುತ್ತಾರೆ ಹೇಳಿ?

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1949ರಲ್ಲಿ ಎಡ್‌ಸ್ಯಾಕ್ ಎಂಬ ಕಂಪ್ಯೂಟರನ್ನು ಕಟ್ಟಿದ ಮಾರಿಸ್ ವಿಲ್ಕ್ಸ್ ಅವರಿಗೆ ಇದು ಹೊಳೆದದ್ದು ಮೆಟ್ಟಿಲ ಮೇಲೆ. ಯಂತ್ರ ಕಟ್ಟುವುದೇ ಕಷ್ಟ, ಅದಕ್ಕೆ ಆದೇಶ ಬರೆದುಕೊಡುವುದು ಗುಮಾಸ್ತಗಿರಿ ಎಂದು ಆಗ ಎಲ್ಲರೂ ಅಂದುಕೊಂಡಿದ್ದ ಕಾಲ. ತಾವು ಬರೆದ ಪ್ರೋಗ್ರಾಮನ್ನು ಸರಿಪಡಿಸಲು ಓಡಾಡುತ್ತಿದ್ದ ವಿಲ್ಕ್ಸ್ ಮೆಟ್ಟಿಲ ತಿರುವಿನಲ್ಲಿ ನಿಂತಾಗ, ಇನ್ನುಳಿದ ಆಯುಷ್ಯದ ದೊಡ್ಡ ಪಾಲು ನನ್ನದೇ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯಲಿದೆ ಎಂಬುದು ಥಟ್ಟನೆ ಅರಿವಾಯಿತಂತೆ. ಅವರು ತಮ್ಮ ನೆನಪುಗಳಲ್ಲಿ ಇದನ್ನು ಬರೆದಿದ್ದಾರೆ. ಆ ಮೆಟ್ಟಿಲ ಮೇಲೆ ಪ್ರತಿಯೊಬ್ಬ ಪ್ರೋಗ್ರಾಮರ್ ಒಂದು ದಿನ ನಿಲ್ಲುತ್ತಾನೆ. ಅಲ್ಲಿಂದ ಕೆಲವರು ಮೇಲೆ ಹತ್ತುತ್ತಾರೆ, ಕೆಲವರು ಇಳಿದು ಮ್ಯಾನೇಜರ್ ಆಗುತ್ತಾರೆ.

ನಾನು ನಿಂತ ಮೆಟ್ಟಿಲಿನ ಕಥೆ ಹೇಳುತ್ತೇನೆ. 1998ರ ಫೆಬ್ರುವರಿ ಕೊನೆಯ ವಾರ. ಒಂದು ಕಾರ್ಖಾನೆಯ ಸಂಬಳದ ಪಟ್ಟಿ ತಯಾರಿಸುವ ಪ್ರೋಗ್ರಾಮ್ ನಾನು ಬರೆದದ್ದು; ಮೂರು ವರ್ಷದಿಂದ ಒಂದು ತಿಂಗಳೂ ತಪ್ಪದೆ ಓಡಿತ್ತು. ಆ ತಿಂಗಳು ಅರ್ಧಕ್ಕೆ ನಿಂತುಬಿಟ್ಟಿತು. ಎಂಟುನೂರು ಜನರ ಸಂಬಳ. ಮೊದಲು ನಾನು ಕರೆಂಟನ್ನು ಬೈದೆ. ಆಮೇಲೆ ಹಾರ್ಡ್ ಡಿಸ್ಕನ್ನು. ಆಮೇಲೆ, ಈಗಲೂ ನಾಚಿಕೆಯಾಗುತ್ತದೆ, ಡೇಟಾ ಎಂಟ್ರಿ ಮಾಡುವ ಹುಡುಗಿಯನ್ನು ಕರೆದು ಏನು ಒತ್ತಿದೆಯಮ್ಮ ಎಂದು ದಬಾಯಿಸಿದೆ. ಎರಡು ರಾತ್ರಿ ನಿದ್ದೆಗೆಟ್ಟು, ಕಂಪೈಲರಿನಲ್ಲೇ ದೋಷವಿದೆ, ಆ ಕಂಪನಿಗೆ ಪತ್ರ ಬರೆಯಬೇಕು ಎಂಬ ತೀರ್ಮಾನಕ್ಕೆ ಬಂದೆ. ಕಂಪೈಲರು ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತರುವ ದುಭಾಷಿ. ಪ್ರಪಂಚದಲ್ಲಿ ಸಾವಿರಾರು ಜನ ದಿನಾ ಬಳಸುತ್ತಿದ್ದ ಆ ದುಭಾಷಿ ನನ್ನೊಬ್ಬನಿಗೆ ಮೋಸ ಮಾಡಿತು ಎಂದು ನಂಬುವುದು ನನಗೆ ಸುಲಭವಾಗಿತ್ತು. ನಾನು ತಪ್ಪಿದ್ದೇನೆ ಎಂದು ನಂಬುವುದು ಕಷ್ಟವಾಗಿತ್ತು.

ಮೂರನೇ ದಿನ ಸಂಬಳ ವಿಭಾಗದ ಹಳೆಯ ಗುಮಾಸ್ತರೊಬ್ಬರು ಕಾಫಿ ಲೋಟ ಹಿಡಿದು ನನ್ನ ಪಕ್ಕ ನಿಂತರು. ಪಟ್ಟಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ಒಬ್ಬ ಫಿಟ್ಟರಿನ ಹೆಸರಿನ ಮೇಲೆ ನಿಲ್ಲುತ್ತಿತ್ತು. "ಓಹೋ, ಅವರಾ! ಅವರಿಗೆ ನಾಲ್ಕು ವರ್ಷಕ್ಕೊಂದೇ ಹುಟ್ಟಿದ ಹಬ್ಬ ಸಾರ್," ಅಂದು ನಕ್ಕರು. ಆ ಫಿಟ್ಟರು ಹುಟ್ಟಿದ್ದು 1940ರ ಫೆಬ್ರುವರಿ 29ರಂದು. ನಿವೃತ್ತಿಯ ವಯಸ್ಸು 58. ಹುಟ್ಟಿದ ವರ್ಷಕ್ಕೆ 58 ಕೂಡಿಸು, ತಿಂಗಳು ತಾರೀಕು ಹಾಗೇ ಇಟ್ಟುಕೋ ಎಂದು ನಾನು ಬರೆದಿದ್ದೆ. ಯಂತ್ರ 1998ರ ಫೆಬ್ರುವರಿ 29ನ್ನು ಹುಡುಕಿಕೊಂಡು ಹೊರಟು, ಅಂಥ ದಿನವೇ ಇಲ್ಲದ್ದನ್ನು ಕಂಡು ಕೈಚೆಲ್ಲಿತ್ತು. ಆ ಡೇಟಾ ಎಂಟ್ರಿ ಹುಡುಗಿಯ ಹತ್ತಿರ ನಾನು ತಪ್ಪಾಯಿತು ಎಂದು ಹೇಳಿದ್ದು ಇನ್ನೂ ಒಂದು ವಾರದ ಮೇಲೆ. ತಪ್ಪು ಸಿಕ್ಕಿದ್ದು ಮೂರು ದಿನಕ್ಕೆ; ಒಪ್ಪಿಕೊಳ್ಳಲು ಹತ್ತು ದಿನ ಹಿಡಿಯಿತು. ನನ್ನನ್ನು ಕೇಳಿದರೆ, ಪ್ರೋಗ್ರಾಮರ್ ಒಳ್ಳೆಯವನೋ ಅಲ್ಲವೋ ಎಂಬುದನ್ನು ಅಳೆಯಬೇಕಾದದ್ದು ಈ ಎರಡನೆಯ ಲೆಕ್ಕದಲ್ಲಿ.

ಆದರೆ ನಮ್ಮ ಜನ ಅಳೆಯುವುದು ಬೇರೆಯದನ್ನು. ಹುಡುಗ ಲೆಕ್ಕದಲ್ಲಿ ಹುಷಾರು, ಹಾಗಾಗಿ ಒಳ್ಳೆಯ ಪ್ರೋಗ್ರಾಮರ್ ಆಗುತ್ತಾನೆ ಅನ್ನುತ್ತಾರೆ. ಲೆಕ್ಕ ಬಂದರೆ ಒಳ್ಳೆಯದೇ, ಆದರೆ ದಿನನಿತ್ಯದ ಪ್ರೋಗ್ರಾಮುಗಳಲ್ಲಿ ಬೇಕಾಗುವ ಲೆಕ್ಕ ಹೈಸ್ಕೂಲಿನದ್ದು. ಒಂಟಿಯಾಗಿ, ಯಾರ ಜೊತೆಯೂ ಬೆರೆಯದೆ, ರಾತ್ರಿಯೆಲ್ಲ ಪರದೆಯ ಮುಂದೆ ಕೂರುವವನೇ ನಿಜವಾದ ಪ್ರೋಗ್ರಾಮರ್ ಎಂಬ ಚಿತ್ರವೂ ಒಂದಿದೆ. ಅದಕ್ಕೆ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರ, ಕ್ಯಾನನ್ ಮತ್ತು ಪೆರ್ರಿ ಎಂಬವರ, ಕೊಡುಗೆಯೂ ಇದೆ. 1960ರ ದಶಕದಲ್ಲಿ ಅವರು ಆಗಿನ ಪ್ರೋಗ್ರಾಮರ್‌ಗಳನ್ನು ಪರೀಕ್ಷಿಸಿ, ಇವರಿಗೆ ಒಗಟು ಬಿಡಿಸುವುದು ಇಷ್ಟ, ಜನರ ಜೊತೆಗಿನ ಒಡನಾಟ ಅಷ್ಟಕ್ಕಷ್ಟೇ ಎಂದರು. ಕಂಪನಿಗಳು ಅದನ್ನೇ ಜಾತಕ ಮಾಡಿಕೊಂಡು ಅಂಥವರನ್ನೇ ಹುಡುಕಿ ಸೇರಿಸಿಕೊಂಡವು. ಸೇರಿದವರನ್ನು ನೋಡಿ ಲೋಕ, ಹೌದು ಇವರು ಹೀಗೇ, ಅಂದಿತು. ಅದಕ್ಕೂ ಇಪ್ಪತ್ತು ವರ್ಷ ಮೊದಲು ಫಿಲಡೆಲ್ಫಿಯಾದ ಎನಿಯಾಕ್ ಯಂತ್ರಕ್ಕೆ ಪ್ರೋಗ್ರಾಮ್ ಮಾಡಿದ ಆರು ಜನ ಹೆಣ್ಣುಮಕ್ಕಳನ್ನು ಈ ಜಾತಕದವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವರಿಗೆ ಕೈಪಿಡಿ ಇರಲಿಲ್ಲ, ಪ್ರೋಗ್ರಾಮಿಂಗ್ ಭಾಷೆ ಎಂಬುದೇ ಬಳಕೆಗೆ ಬಂದಿರಲಿಲ್ಲ. ಯಂತ್ರದ ನಕ್ಷೆಗಳನ್ನು ಹರಡಿಕೊಂಡು, ಎಂಜಿನಿಯರುಗಳನ್ನು ಕೇಳಿ ಕೇಳಿ ಕಲಿತು, ಕೊನೆಗೆ ಸುಮಾರು 18,000 ವಾಲ್ವುಗಳಲ್ಲಿ ಯಾವುದು ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸುವಷ್ಟಾದರು. 1946ರಲ್ಲಿ ಯಂತ್ರವನ್ನು ಲೋಕಕ್ಕೆ ತೋರಿಸಿದ ದಿನ ರಾತ್ರಿ ಊಟಕ್ಕೆ ದೊಡ್ಡವರನ್ನೆಲ್ಲ ಕರೆದರು. ಇವರನ್ನು ಕರೆಯಲಿಲ್ಲ.

ತಪ್ಪಿನ ವಿಚಾರಕ್ಕೆ ವಾಪಸು ಬರುತ್ತೇನೆ. 1971ರಲ್ಲಿ ಜೆರಾಲ್ಡ್ ವೈನ್‌ಬರ್ಗ್ ಎಂಬವರು ಪ್ರೋಗ್ರಾಮರ್‌ಗಳ ಮನಸ್ಸಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದರಲ್ಲೊಂದು ಪ್ರಸಂಗ ಬರುತ್ತದೆ. ಒಬ್ಬ ಪ್ರೋಗ್ರಾಮರ್ ತಾನು ಬರೆದದ್ದನ್ನು ಸಹೋದ್ಯೋಗಿಯ ಕೈಗೆ ಕೊಟ್ಟು ನೋಡು ಅಂದ. ಆಕೆ ನೋಡಿದಳು: ಹದಿಮೂರು ಸಾಲುಗಳಲ್ಲಿ ಹದಿನೇಳು ತಪ್ಪು! ನಮ್ಮಲ್ಲಿ ಬಹಳ ಜನ ಮುಖ ಊದಿಸಿಕೊಂಡು ಎದ್ದುಹೋಗುತ್ತಿದ್ದರು. ಆತ ಇಡೀ ದಿನ ಆಫೀಸಿನ ತುಂಬ ಓಡಾಡಿ, "ನೋಡಿದ್ರಾ ನನ್ನ ಕೈಚಳಕ, ಸಾಲಿಗೊಂದಕ್ಕಿಂತ ಹೆಚ್ಚು!" ಎಂಬ ಧಾಟಿಯಲ್ಲಿ ಎಲ್ಲರಿಗೂ ಹೇಳಿ ನಕ್ಕನಂತೆ. ಬರೆದದ್ದು ಬೇರೆ, ಬರೆದ ನಾನು ಬೇರೆ ಎಂದು ಬಿಡಿಸಿಕೊಂಡವನಿಗೆ ಮಾತ್ರ ಈ ನಗು ಬರುತ್ತದೆ.

ಆ ನಗುವಿಗೆ ಹಣವನ್ನೂ ಕೊಟ್ಟವರು ಡೊನಾಲ್ಡ್ ಕ್ನೂತ್. ಗಣಿತದ ಪುಸ್ತಕಗಳನ್ನು ಚೆಂದವಾಗಿ ಅಚ್ಚು ಹಾಕಲು 1970ರ ದಶಕದ ಕೊನೆಯಲ್ಲಿ ಅವರು ಟೆಕ್ ಎಂಬ ಪ್ರೋಗ್ರಾಮ್ ಬರೆಯಲು ತೊಡಗಿದರು. ಇವತ್ತಿಗೂ ಪ್ರಪಂಚದ ಬಹುಪಾಲು ಗಣಿತಜ್ಞರು ಬಳಸುವುದು ಅದನ್ನೇ. ಅವರ ಪುಸ್ತಕದಲ್ಲಿ ತಪ್ಪು ಹುಡುಕಿಕೊಟ್ಟರೆ 2 ಡಾಲರ್ 56 ಸೆಂಟ್‌ನ ಚೆಕ್ ಕಳಿಸುತ್ತಿದ್ದರು. ಇನ್ನೂರೈವತ್ತಾರು ಕಂಪ್ಯೂಟರಿನವರಿಗೆ ರೌಂಡ್ ಫಿಗರು. ಆ ಚೆಕ್ಕನ್ನು ಬ್ಯಾಂಕಿಗೆ ಹಾಕಿ ನಗದು ಮಾಡಿಸಿಕೊಂಡವರು ಕಡಿಮೆ. ಬಹುತೇಕರು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. 2008ರ ಹೊತ್ತಿಗೆ ಚೆಕ್ಕಿನ ಮೇಲಿನ ಖಾತೆಯ ವಿವರಗಳನ್ನು ಕಳ್ಳರು ಬಳಸಿಕೊಳ್ಳಲು ಶುರುಮಾಡಿದ್ದರಿಂದ, ಇಲ್ಲದ ಒಂದು ದೇಶದ ಇಲ್ಲದ ಬ್ಯಾಂಕಿನ ಹೆಸರಿನಲ್ಲಿ ಪ್ರಮಾಣಪತ್ರ ಕಳಿಸತೊಡಗಿದರು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಕೆಲಸ. ಟೆಕ್ ಬರೆಯುವಾಗ ತಾವು ಮಾಡಿದ ಪ್ರತಿ ತಪ್ಪನ್ನೂ, ಕಾಗುಣಿತದ ತಪ್ಪಿನವರೆಗೆ, ಕಡತದಲ್ಲಿ ಬರೆದಿಟ್ಟುಕೊಂಡರು. ಅವನ್ನು ಹದಿನೈದು ಬಗೆಯಾಗಿ ವಿಂಗಡಿಸಿ 1989ರಲ್ಲಿ ಪ್ರಕಟಿಸಿದರು. ಇದು ಮರೆತದ್ದು, ಇದು ಮುಂದಾಲೋಚನೆ ಇಲ್ಲದ್ದು, ಇದು ಶುದ್ಧ ದಡ್ಡತನದ್ದು ಎಂದು ಒಂದೊಂದಕ್ಕೂ ಗುರುತು. ದೊಡ್ಡ ವಿದ್ವಾಂಸರೊಬ್ಬರು ತಮ್ಮ ದಡ್ಡತನದ ಪಟ್ಟಿಯನ್ನು ಸಂಶೋಧನಾ ಲೇಖನವಾಗಿ ಅಚ್ಚು ಹಾಕಿಸುವುದನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಲ್ಪಿಸಿಕೊಳ್ಳಲು ಯತ್ನಿಸಿ ನೋಡಿ.

ವಿನಯ ಬೇಕು ಎಂಬ ಈ ಮಾತಿಗೆ ಒಂದು ತಕರಾರಿದೆ. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದ ಲ್ಯಾರಿ ವಾಲ್, ಪ್ರೋಗ್ರಾಮರಿಗೆ ಮೂರು ಸದ್ಗುಣ ಬೇಕು ಅಂದರು: ಸೋಮಾರಿತನ, ಅಸಹನೆ, ಅಹಂಕಾರ. ತಮಾಷೆಯ ಮಾತೇ, ಆದರೆ ಪೂರ್ತಿ ತಮಾಷೆಯಲ್ಲ. ಒಂದೇ ಕೆಲಸವನ್ನು ದಿನಾ ಕೈಯಲ್ಲಿ ಮಾಡಲು ಬೇಸರಪಡುವ ಸೋಮಾರಿಯೇ ಅದನ್ನು ಯಂತ್ರಕ್ಕೆ ಒಪ್ಪಿಸುವ ದಾರಿ ಹುಡುಕುತ್ತಾನೆ. ಆ ದಾರಿ ಹುಡುಕಲು ಮೂರು ದಿನ ಒಂದೇ ಸಮ ದುಡಿಯುತ್ತಾನೆ. ಅಹಂಕಾರ ಅಂದರೂ ಅಷ್ಟೇ. ಮರಗೆಲಸದ ಹಳೆಯ ಆಚಾರಿಗಳು ಬೀರುವಿನ ಹಿಂಬದಿಯ ಹಲಗೆಗೂ ಉಜ್ಜುಗೊರಡು ಹೊಡೆಯುತ್ತಿದ್ದರಲ್ಲ, ಯಾರೂ ನೋಡದ ಆ ಹಲಗೆಯ ಬಗೆಗಿನ ಹಮ್ಮು ಅದು. ಈ ಹಮ್ಮು ಇದ್ದವರಿಗೆ ತಮ್ಮ ಕೆಲಸದಲ್ಲಿ ತಪ್ಪು ಉಳಿದರೆ ನಿದ್ದೆ ಬರುವುದಿಲ್ಲ. ನನ್ನ ಮೂರು ದಿನದ ಅಹಂಕಾರ ಬೇರೆ ಜಾತಿಯದು. ಅದಕ್ಕೆ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವವರೆಗೆ ನಿದ್ದೆ ಬರುತ್ತಿರಲಿಲ್ಲ.

ಇಷ್ಟು ಹೊತ್ತು ಹೇಳಿದ್ದು ತಪ್ಪಾದ ಮೇಲಿನ ಕಥೆ. ಸರಿಯಾಗಿ ನಡೆಯುತ್ತಿರುವಾಗಲೂ ತನ್ನನ್ನು ತಾನು ಅನುಮಾನಿಸುವುದು ಇನ್ನೂ ಕಷ್ಟ. 1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಯುರೋಪಿನ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ. ನಲವತ್ತು ಸೆಕೆಂಡು ತುಂಬುವ ಹೊತ್ತಿಗೆ ಅದು ಓರೆಯಾಗಿ, ಚೂರುಚೂರಾಯಿತು. ಅದರೊಳಗಿನ ದಿಕ್ಕು ಹಿಡಿಯುವ ಪ್ರೋಗ್ರಾಮ್ ಹಿಂದಿನ ಏರಿಯಾನ್ 4 ರಾಕೆಟ್ಟಿನದು. ಅಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಕೈಕೊಡದ್ದನ್ನು ಯಾಕೆ ಮುಟ್ಟಬೇಕು ಎಂದು ಹಾಗೆಯೇ ತಂದು ಕೂರಿಸಿದರು. ಹೊಸ ರಾಕೆಟ್ಟು ಅಡ್ಡಕ್ಕೆ ವೇಗ ಪಡೆಯುವುದು ಹಳೆಯದಕ್ಕಿಂತ ಜಾಸ್ತಿ. ಆ ವೇಗದ ಅಂಕಿಯನ್ನು ಇಡಲು ಹಳೆಯ ಪ್ರೋಗ್ರಾಮಿನಲ್ಲಿದ್ದ ಜಾಗದಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುತ್ತಿರಲಿಲ್ಲ. ಸೇರಿನಲ್ಲಿ ಸುರಿದ ಬಳ್ಳ ಅಕ್ಕಿ ಚೆಲ್ಲಿದ ಹಾಗೆ ಅಂಕಿ ಹೊರಚೆಲ್ಲಿ ಕಂಪ್ಯೂಟರು ನಿಂತಿತು. ಅದು ನಿಂತರೆ ಇರಲಿ ಎಂದು ಇನ್ನೊಂದು ಕಂಪ್ಯೂಟರ್ ಇಟ್ಟಿದ್ದರು. ಅದರೊಳಗೂ ಇದೇ ಪ್ರೋಗ್ರಾಮು. ಇದೇ ಕಾರಣಕ್ಕೆ ಅದೂ ನಿಂತಿತ್ತು. ಇಷ್ಟೆಲ್ಲಕ್ಕೆ ಕಾರಣವಾದ ಆ ಭಾಗದ ಲೆಕ್ಕ, ರಾಕೆಟ್ಟು ನೆಲ ಬಿಟ್ಟ ಮೇಲೆ ಏರಿಯಾನ್ 5ಕ್ಕೆ ಬೇಕಾಗಿರಲೇ ಇಲ್ಲ ಎಂಬುದು ನನಗೆ ಓದಿದಾಗಲೆಲ್ಲ ಹೊಟ್ಟೆ ಹಿಂಡುವ ಸಂಗತಿ.

ಇದಕ್ಕೆ ವಿರುದ್ಧವಾದ ಸ್ವಭಾವ ಮಾರ್ಗರೆಟ್ ಹ್ಯಾಮಿಲ್ಟನ್ ಅವರದು. ಅಪೋಲೊ ನೌಕೆಗಳ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದ ಎಂಐಟಿಯ ತಂಡಕ್ಕೆ ಅವರು ಮುಖ್ಯಸ್ಥೆಯಾಗಿದ್ದರು. ರಜಾದಿನಗಳಲ್ಲಿ, ರಾತ್ರಿ ಹೊತ್ತಿನಲ್ಲಿ ಪುಟ್ಟ ಮಗಳನ್ನು ಕರೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಮಗು ಒಂದು ದಿನ ಗಗನಯಾತ್ರಿಯ ಆಟ ಆಡುತ್ತ ತರಬೇತಿ ಯಂತ್ರದ ಗುಂಡಿಗಳನ್ನು ಒತ್ತಿತು. ಎಲ್ಲ ನಿಂತುಹೋಯಿತು. ನೌಕೆ ಹಾರುತ್ತಿರುವಾಗ, ಉಡಾವಣೆಗೆ ಮುಂಚೆ ಬಳಸುವ ಪ್ರೋಗ್ರಾಮನ್ನು ಮಗು ಕರೆದಿತ್ತು. ಇನ್ನೊಬ್ಬ ತಾಯಿಯಾಗಿದ್ದರೆ ಮಗುವಿನ ಕೈಗೆ ಒಂದು ಏಟು ಬೀಳುತ್ತಿತ್ತೇನೋ. ಹ್ಯಾಮಿಲ್ಟನ್ ಯೋಚಿಸಿದ್ದು, ಮಗು ಮಾಡಿದ್ದನ್ನು ಗಗನಯಾತ್ರಿ ಮಾಡಿದರೆ? ತಡೆಯಲು ನಾಲ್ಕು ಸಾಲು ಸೇರಿಸೋಣ ಅಂದರು. ನಾಸಾದವರು ಬೇಡ ಅಂದರು: ನಮ್ಮ ಯಾತ್ರಿಗಳು ಅಷ್ಟು ತರಬೇತಿ ಪಡೆದವರು, ಇಂಥ ತಪ್ಪು ಮಾಡುವುದಿಲ್ಲ. 1968ರ ಡಿಸೆಂಬರಿನಲ್ಲಿ ಚಂದ್ರನನ್ನು ಸುತ್ತಿ ಬರುತ್ತಿದ್ದ ಅಪೋಲೊ 8ರಲ್ಲಿ ಜಿಮ್ ಲೊವೆಲ್ ಸರಿಯಾಗಿ ಅದೇ ಗುಂಡಿಗಳನ್ನು ಒತ್ತಿದರು. ನೌಕೆ ಎಲ್ಲಿದೆ ಎಂಬ ಲೆಕ್ಕ ಅಳಿಸಿಹೋಗಿ, ನೆಲದಿಂದ ಅಂಕಿಗಳನ್ನು ಮತ್ತೆ ಕಳಿಸಿ ಸರಿಪಡಿಸಬೇಕಾಯಿತು. ಲೊವೆಲ್ ದಡ್ಡರಲ್ಲ. ದಣಿದಿದ್ದ ಮನುಷ್ಯ. ದಣಿದವರು, ಅವಸರದಲ್ಲಿರುವವರು, ಕಣ್ಣು ಸರಿಯಾಗಿ ಕಾಣದವರು ನಾವು ಬರೆದದ್ದನ್ನು ಬಳಸುತ್ತಾರೆ ಎಂದು ಮೊದಲೇ ನೆನೆಯುವುದಕ್ಕೆ ಬುದ್ಧಿಗಿಂತ ಕರುಳು ಬೇಕು.

ನಮ್ಮವರ ಅನುಭವಕ್ಕೆ ಬರುವ ಉದಾಹರಣೆ ಹೇಳುತ್ತೇನೆ. ಅರ್ಜಿಯಲ್ಲಿ ಹೆಸರು, ಉಪನಾಮ ಎರಡೂ ಕಡ್ಡಾಯ ಎಂದು ಯಾವನೋ ಪ್ರೋಗ್ರಾಮರ್ ಬರೆದುಬಿಟ್ಟಿರುತ್ತಾನೆ. ಅವನ ಊರಿನಲ್ಲಿ ಎಲ್ಲರಿಗೂ ಉಪನಾಮ ಇರಬಹುದು. ನಮ್ಮ ಹಳೇ ಮೈಸೂರು ಕಡೆ ಊರಿನ ಇನಿಷಿಯಲ್ಲು, ಅಪ್ಪನ ಇನಿಷಿಯಲ್ಲು, ಆಮೇಲೆ ಒಂದು ಹೆಸರು, ಮುಗಿಯಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಅಮೆರಿಕಕ್ಕೆ ಹೋದವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಅಚ್ಚಾಗಿ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಪ್ಪ ಅಮ್ಮ ನಾಮಕರಣ ಮಾಡಿ ತೊಟ್ಟಿಲಲ್ಲಿ ಕರೆದದ್ದು ಒಂದು, ಅಲ್ಲಿನ ಬ್ಯಾಂಕಿನವರು "ಮಿಸ್ಟರ್ ಫ್ನೂ" ಎಂದು ಕರೆಯುವುದು ಇನ್ನೊಂದು!

ನಮ್ಮ ಲಿಪಿಯ ವಿಚಾರದಲ್ಲೂ ಹೀಗೇ. "ಸ್ತ್ರೀ" ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನೊಳಗೆ ಅದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಈಕಾರದ ಚಿಹ್ನೆ, ಒಟ್ಟು ಆರು ಸಂಕೇತ. ಬಹುಪಾಲು ಕಡೆ ಬಳಕೆಯಲ್ಲಿರುವ ವಿಧಾನದಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ ಹದಿನೆಂಟು ಬೈಟು ಜಾಗ. ಹೆಸರಿಗೆ ಇಪ್ಪತ್ತು ಬೈಟು ಧಾರಾಳವಾಯಿತು ಎಂದು ಇಂಗ್ಲಿಷ್ ಲೆಕ್ಕದಲ್ಲಿ ಬರೆದವನ ಪ್ರೋಗ್ರಾಮಿನಲ್ಲಿ ಕನ್ನಡದ ಹೆಸರು ಅರ್ಧಕ್ಕೆ ಕತ್ತರಿಸಿ, ಒತ್ತಕ್ಷರ ನೇತಾಡುತ್ತ ಅಚ್ಚಾಗುತ್ತದೆ. ನೀವೂ ನೋಡಿರುತ್ತೀರಿ. ಇದಕ್ಕೆ ಪ್ರತಿಯಾಗಿ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನು ನೆನೆಯಬೇಕು. ಹಳೆಯ ಟೈಪ್‌ರೈಟರಿನಂತೆ ಅಕ್ಷರದ ತುಂಡುಗಳನ್ನು ಜೋಡಿಸುವುದನ್ನು ಬಿಟ್ಟು, ವ್ಯಂಜನಕ್ಕೆ ಸ್ವರ ಸೇರಿದರೆ ಗುಣಿತಾಕ್ಷರ ಎಂಬ ಒಂದನೇ ಕ್ಲಾಸಿನ ಕಾಗುಣಿತವನ್ನೇ ಕೀಲಿಗಳಿಗೆ ಇಳಿಸಿದರು. ಮಾಮೂಲಿ ಇಂಗ್ಲಿಷ್ ಕೀಲಿಮಣೆಯಲ್ಲೇ ಇಡೀ ಕನ್ನಡ ಹಿಡಿಸಿತು. ಯಂತ್ರಕ್ಕೆ ಒಗ್ಗುವಂತೆ ಭಾಷೆಯನ್ನು ಮುರಿಯುವ ಬದಲು ಭಾಷೆಯ ವ್ಯಾಕರಣ ಏನು ಹೇಳುತ್ತದೆ ಎಂದು ಮೊದಲು ಕಿವಿಗೊಟ್ಟದ್ದರ ಫಲ ಅದು.

ಈಗ ಯಂತ್ರವೇ ಪ್ರೋಗ್ರಾಮ್ ಬರೆಯುತ್ತದೆಯಲ್ಲ, ಇನ್ನು ಈ ಗುಣಗಳೆಲ್ಲ ಯಾಕೆ ಎಂದು ಹೋದ ತಿಂಗಳು ಒಬ್ಬ ಹುಡುಗ ಕೇಳಿದ. ನಾನೂ ಅದನ್ನು ಬಳಸುತ್ತೇನೆ. ಚೆನ್ನಾಗಿ ಬರೆಯುತ್ತದೆ, ಬೇಗ ಬರೆಯುತ್ತದೆ. ತಪ್ಪನ್ನು ಬರೆಯುವಾಗಲೂ ಸರಿಯಾದದ್ದನ್ನು ಬರೆಯುವಾಗಿನ ಧೈರ್ಯದಲ್ಲೇ ಬರೆಯುತ್ತದೆ. ಕೇಳಿದವನಿಗೆ ಅನುಮಾನ ಪಡುವ ಅಭ್ಯಾಸ ಇಲ್ಲದಿದ್ದರೆ ಇಬ್ಬರೂ ಸೇರಿ ಫೆಬ್ರುವರಿ 29ನ್ನು ಹುಡುಕಿಕೊಂಡು ಹೋಗುತ್ತಾರೆ.

ಕೆಲಸಕ್ಕೆ ಜನರನ್ನು ಆರಿಸುವ ಸಮಿತಿಗಳಲ್ಲಿ ನಾನು ಕೂರುವುದುಂಟು. ಒಗಟುಗಳನ್ನು ಉಳಿದವರು ಕೇಳುತ್ತಾರೆ. ನಾನು ಕೇಳುವುದು ಒಂದೇ: "ನೀವು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳಿ." ಹೆಚ್ಚಿನವರು, "ಸಾರ್, ನಾನು ಕೆಲಸದಲ್ಲಿ ಮುಳುಗಿದರೆ ಊಟ ಮರೆತುಬಿಡ್ತೀನಿ, ಅದೇ ನನ್ನ ತಪ್ಪು," ಎಂಬ ಜಾಣ ಉತ್ತರ ಕಲಿತು ಬಂದಿರುತ್ತಾರೆ. ಕೆಲವು ವರ್ಷಗಳ ಹಿಂದೆ ಹಳ್ಳಿಯ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಸ್ವಲ್ಪ ಯೋಚಿಸಿ, ಅವರೂರಿನ ಹಾಲಿನ ಸಂಘದ ಕಥೆ ಹೇಳಿದಳು.

ಕಾಲೇಜಿನಲ್ಲಿದ್ದಾಗ ರಜೆಯಲ್ಲಿ ಆಕೆ ಸಂಘಕ್ಕೆ ಒಂದು ಪ್ರೋಗ್ರಾಮ್ ಬರೆದುಕೊಟ್ಟಳಂತೆ. ಹಾಲಿನ ಅಳತೆ, ಕೊಬ್ಬಿನ ಅಂಶ ಹಾಕಿದರೆ ದರ ಗುಣಿಸಿ ಚೀಟಿ ಬರುತ್ತಿತ್ತು. ಅರವತ್ತು ಮನೆಯವರು ಹಾಲು ಹಾಕುವ ಸಂಘ. ನಾಲ್ಕು ತಿಂಗಳು ಎಲ್ಲರೂ ಹೊಗಳಿದರು. ಒಬ್ಬ ಅಜ್ಜಿ ಮಾತ್ರ ಮುಖ ಗಂಟಿಕ್ಕಿಕೊಂಡು ಮನೆಗೇ ಬಂದರು. ಕೈಯಲ್ಲಿ ಚೀಟಿಗಳ ಕಂತೆ. "ಏನವ್ವಾ, ಮುಂಚೆ ಕೈಯಲ್ಲಿ ಬರೆದು ಕೊಡೋವಾಗ ಐವತ್ತು ಪೈಸೆ, ಎಪ್ಪತ್ತು ಪೈಸೆ ಅಂತ ಚಿಲ್ಲರೆ ಇರ್ತಿತ್ತು. ಈಗ ನೋಡಿದ್ರೆ ಬರೀ ರೂಪಾಯಿ. ನಮ್ಮ ಹಸ ಏನು ರೂಪಾಯಿ ಲೆಕ್ಕ ಹಾಕ್ಕೊಂಡು ಹಾಲು ಕೊಡ್ತದಾ?"

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಹಾಲಿನ ಲೆಕ್ಕವನ್ನು ಮನೆಯ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಗಳಲ್ಲಿ ಇಡುತ್ತಿದ್ದರು. ಹುಡುಗಿಗೆ ಮೊದಲು ನಗು ಬಂತಂತೆ. ಕಂಪ್ಯೂಟರು ತಪ್ಪು ಮಾಡಲ್ಲ ಅಜ್ಜಿ ಎಂದು ಹೇಳಿಯೂ ಬಿಟ್ಟಳು. ರಾತ್ರಿ ಮಲಗಿದ ಮೇಲೆ ಹಸುವಿನ ಮಾತು ತಲೆಯಿಂದ ಹೋಗಲಿಲ್ಲ. ಎದ್ದು ನೋಡಿದಳು. ದರ ಗುಣಿಸಿದ ಮೇಲೆ ಮೊತ್ತವನ್ನು ಪೂರ್ಣಾಂಕದ ಜಾಗದಲ್ಲಿ ಇಟ್ಟಿದ್ದಳು. ಪೈಸೆಯೆಲ್ಲ ಪ್ರತಿ ಸಲ ಉದುರಿಹೋಗುತ್ತಿತ್ತು. ದಿನಕ್ಕೆ ಎರಡು ಹೊತ್ತು, ನಾಲ್ಕು ತಿಂಗಳು. ಮನೆಗೆ ನೂರು, ನೂರಿಪ್ಪತ್ತು ರೂಪಾಯಿ. ಬೆಳಗಾಗುತ್ತಲೇ ಸಂಘದ ಕಾರ್ಯದರ್ಶಿಯ ಮನೆಗೆ ಹೋಗಿ ಹೇಳಿದಳು. ಹಣ ಸಂಘದ ಲೆಕ್ಕದಲ್ಲೇ ಉಳಿದಿತ್ತು. ಎಲ್ಲ ಚೀಟಿಗಳನ್ನೂ ಮತ್ತೆ ಲೆಕ್ಕ ಹಾಕಿ, ಅರವತ್ತು ಮನೆಗೂ ಕಾರ್ಯದರ್ಶಿಯ ಜೊತೆ ತಾನೇ ಹೋಗಿ, ತಪ್ಪು ನನ್ನದು ಎಂದು ಹೇಳಿ ಬಾಕಿ ಕೊಡಿಸಿದಳು. ಕಥೆ ಹೇಳುವಾಗ ಆಕೆಯ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಜಂಬವೂ ಇರಲಿಲ್ಲ. ಯಾವ ಸಾಲಿನಲ್ಲಿ ತಪ್ಪಿತ್ತು, ಹೇಗೆ ತಿದ್ದಿದೆ ಎಂದು ಕಾಗದದ ಮೇಲೆ ಬರೆದು ತೋರಿಸಿದಳು.

"ಅಜ್ಜಿ ಏನಂದರು?" ಎಂದು ಕೇಳಿದೆ.

"ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡ್ರು ಸಾರ್. ಒಳಗೆ ಕೂರಿಸಿ ಮಜ್ಜಿಗೆ ಕೊಟ್ರು. 'ಈಗ ಸರಿಯಾಯ್ತು ಅಜ್ಜಿ, ಇನ್ನು ಗೋಡೆ ಮೇಲೆ ಗೀಚೋದು ಬಿಡಿ' ಅಂದೆ. 'ಅದಿರ್ಲಿ ಬಿಡವ್ವ' ಅಂದ್ರು."

ಗೋಡೆಯ ಮೇಲೆ ಆವತ್ತು ಬೆಳಗಿನ ಹಾಲಿನ ಗೆರೆ ಆಗಲೇ ಬಿದ್ದಿತ್ತಂತೆ.